ಡುಮ್ಮಣ್ಣನಿಗೆ ಹುಷಾರಿಲ್ಲ

ಯಾವ ಕೆಲಸ ಎದುರಾದರೂ ‘ಅದೇನ್ಮಹಾ!’ ಎನ್ನುವುದು ನಮ್ಮ ಬೀದಿಯ ಒಬ್ಬ ಗೃಹಸ್ಥರ ಅಭ್ಯಾಸ. ಮಿಕ್ಸಿ ಕೆಟ್ಟಿತೇ? ಅದೇನ್ಮಹಾ. ನಲ್ಲಿ ಸೋರುತ್ತಿದೆಯೇ? ಅದೇನ್ಮಹಾ. ಹಾಗೆಂದು ಅವರು ಬಿಚ್ಚಿದ ಮಿಕ್ಸಿ ಇವತ್ತಿಗೂ ಅಟ್ಟದ ಮೇಲಿನ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ವಿಶ್ರಾಂತಿ ಪಡೆಯುತ್ತಿದೆ. ನಲ್ಲಿಯನ್ನು ಮುಟ್ಟಿದ ದಿನವಂತೂ ಪಕ್ಕದ ಮನೆಯವರು ಮಂಚದ ಮೇಲೆ ಕೂತು ಅಡುಗೆ ಮಾಡಿದರು. ಬೀದಿಯ ಜನ ಮರ್ಯಾದಸ್ಥರು, ಎದುರಿಗೆ ಬೈಯುವವರಲ್ಲ. ‘ಅದೇನ್ಮಹಾಶಯರು’ ಎಂದು ಹೆಸರಿಟ್ಟು ಸುಮ್ಮನಾದರು. ನಾಲಿಗೆಗೆ ಸುಲಭವಾಗಲೆಂದು ಅದು ಕ್ರಮೇಣ ‘ಮಹಾಶಯರು’ ಎಂದಾಯಿತು. ಇದು ತಮಗೆ ಸಂದ ಗೌರವವೆಂದೇ ಅವರು ನಂಬಿದ್ದರು. ಒಬ್ಬರ ನಂಬಿಕೆ ಕೆಡಿಸಲು ನಾವು ಯಾರು?

ಮಹಾಶಯರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಹೆಂಡತಿ, ಒಂದನೇ ತರಗತಿಯ ಮಗಳು ಪುಟ್ಟಿ. ಇವರಲ್ಲದೆ ಡುಮ್ಮಣ್ಣ.

ಡುಮ್ಮಣ್ಣ ಎಂದರೆ ಪುಟ್ಟಿ ಶಾಲೆಗೆ ಊಟ ಒಯ್ಯುವ ಬಟ್ಟೆ ಚೀಲ. ಕಂದು ಬಣ್ಣದ ದುಂಡು ಕರಡಿ ಮುಖ, ಎರಡು ಕಿವಿ, ಗುಂಡಿಯ ಕಣ್ಣು. ಬಾಯಿಯ ಜಾಗದಲ್ಲಿ ಉದ್ದಕ್ಕೆ ಜಿಪ್ಪು. ಊಟ ಬೆಚ್ಚಗಿರಲೆಂದು ಹೊಟ್ಟೆಯೊಳಗೆ ಬೆಳ್ಳಿ ಬಣ್ಣದ ಪದರ, ಅದರ ಹಿಂದೆ ತೆಳುವಾದ ಸ್ಪಂಜು. ಈ ಚೀಲ ಬರುವ ಮೊದಲು ಪುಟ್ಟಿಗೆ ಊಟ ಮಾಡಿಸುವುದೆಂದರೆ ಬೀದಿಗೆಲ್ಲ ಕೇಳಿಸುವ ಕಾರ್ಯಕ್ರಮವಾಗಿತ್ತು. ಬಂದ ಮೇಲೆ ಗಲಾಟೆ ನಿಂತಿತು. ಶಾಲೆಯ ಊಟದ ಹೊತ್ತಿನಲ್ಲಿ ಪುಟ್ಟಿ ಡುಮ್ಮಣ್ಣನ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿದ್ದಳು, ಅವನ ಬಾಯಿ ತೆರೆದು ಡಬ್ಬಿ ತೆಗೆಯುತ್ತಿದ್ದಳು, ಒಂದಗುಳೂ ಬಿಡದೆ ತಿನ್ನುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಡುಮ್ಮಣ್ಣನ ಸ್ಥಾನಮಾನ ಮಹಾಶಯರಿಗಿಂತ ಒಂದು ಮೆಟ್ಟಿಲು ಮೇಲೆಯೇ ಇತ್ತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಉದ್ಯೋಗದ ತರಬೇತಿಗೆಂದು ಬೇರೆ ಊರಿಗೆ ಹೊರಟರು. ಚಪ್ಪಲಿ ಮೆಟ್ಟುತ್ತಲೇ ಹೇಳಿದರು:

“ರೀ, ಡುಮ್ಮಣ್ಣನ ಹೊಟ್ಟೇಲಿ ಮೊಸರು ಚೆಲ್ಲಿ ಹುಳಿ ವಾಸನೆ ಬರ್ತಿದೆ. ಜಿಪ್ಪಿನ ರನ್ನರೂ ಸಡ್ಲ ಆಗಿದೆ. ನಾಡಿದ್ದು ನಾನು ಬಂದು ನೋಡ್ಕೋತೀನಿ. ಒದ್ದೆ ಬಟ್ಟೆಗೆ ಒಂಚೂರು ಅಡುಗೆ ಸೋಡಾ ಹಚ್ಚಿ ಮೆಲ್ಲಗೆ ಒರೆಸ್ಬೇಕು, ಬಾಯಿ ತೆರೆದು ನೆರಳಲ್ಲಿ ಒಣಗಿಸ್ಬೇಕು. ಮೆಷಿನ್ನಿಗೆ ಮಾತ್ರ ಹಾಕ್ಬಾರ್ದು. ನೀವಂತೂ ಮುಟ್ಲೇಬೇಡಿ.”

“ಅದೇನ್ಮಹಾ! ನೀನು ನಿಶ್ಚಿಂತೆಯಾಗಿ ಹೋಗಿ ಬಾ,” ಎಂದರು ಮಹಾಶಯರು, ಪತ್ರಿಕೆಯಿಂದ ತಲೆ ಎತ್ತದೆ. ಹೆಂಡತಿಯ ಮಾತುಗಳಲ್ಲಿ ಅವರ ಕಿವಿಯೊಳಗೆ ಉಳಿದದ್ದು ಎರಡು: ಹುಳಿ ವಾಸನೆ, ಮೆಷಿನ್ನು.

ಮಧ್ಯಾಹ್ನ ಪುಟ್ಟಿ ಎದುರುಮನೆಗೆ ಆಡಲು ಹೋದಾಗ ಮಹಾಶಯರು ತೋಳು ಮಡಚಿದರು. ಹೆಂಡತಿ ಬಂದು ಬೆರಗಾಗಬೇಕು ಎಂಬುದು ಅವರ ಆಸೆ. ಡುಮ್ಮಣ್ಣನನ್ನು ಬಟ್ಟೆ ಒಗೆಯುವ ಮೆಷಿನ್ನಿಗೆ ಹಾಕಿದರು. ಒಬ್ಬನಿಗಾಗಿ ಅಷ್ಟು ನೀರು ದಂಡ ಮಾಡುವುದೇಕೆಂದು ತಮ್ಮ ಬಿಳಿ ಅಂಗಿಗಳನ್ನೂ ಜೊತೆಗೆ ತುರುಕಿದರು. ಬಿಸಿನೀರಿನ ಗುಂಡಿ ಒತ್ತಿದರು. ಪಕ್ಕದಲ್ಲಿ ‘ಅತಿ ಕೊಳೆ’ ಎಂಬ ಇನ್ನೊಂದು ಗುಂಡಿ ಕಂಡಿತು. ಅದೇನು ಪಾಪ ಮಾಡಿದೆ ಎಂದು ಅದನ್ನೂ ಒತ್ತಿದರು.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಧಡ್ ಧಡ್ ಎಂದಿತು. ಮೆಷಿನ್ನು ನಡುಗುತ್ತ ಗೋಡೆ ಬಿಟ್ಟು ಹೊಸ್ತಿಲ ಕಡೆಗೆ ನಡೆದು ಬಂತು. ಮಹಾಶಯರು ಅದನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದು, ಅದರ ಜೊತೆಗೇ ನಡುಗುತ್ತ, ಕೆಲಸ ಮುಗಿಯುವವರೆಗೆ ನಿಂತರು.

ಮುಚ್ಚಳ ತೆರೆದಾಗ ಮೊದಲು ಕಂಡದ್ದು ಅಂಗಿಗಳು. ಅವೆಲ್ಲ ಒಂದೇ ಸಮನಾಗಿ ಚಹಾ ಬಣ್ಣಕ್ಕೆ ತಿರುಗಿದ್ದವು. ಅಡಿಯಲ್ಲಿ ಡುಮ್ಮಣ್ಣ ಬಿದ್ದಿದ್ದ. ಬಾಯಿ ಪೂರ್ತಿ ತೆರೆದಿತ್ತು, ರನ್ನರ್ ಮಾಯವಾಗಿತ್ತು. ಹೊಟ್ಟೆಯ ಬೆಳ್ಳಿ ಪದರ ಚಿಂದಿಯಾಗಿ ಸ್ಪಂಜು ಹೊರಗೆ ಇಣುಕುತ್ತಿತ್ತು. ಎಡಗಿವಿ ಒಂದೆಳೆ ದಾರದಲ್ಲಿ ತೂಗುತ್ತಿತ್ತು. ಮಹಾಶಯರ ಜೀವಮಾನದಲ್ಲಿ ಮೊದಲ ಬಾರಿಗೆ ‘ಅದೇನ್ಮಹಾ’ ಎಂಬ ಮಾತು ಗಂಟಲಲ್ಲೇ ಉಳಿಯಿತು.

ಅವನನ್ನು ಹಿತ್ತಿಲ ಹಗ್ಗಕ್ಕೆ ನೇತುಹಾಕಿ, ಮೇಲೆ ಟವೆಲ್ಲು ಮುಚ್ಚಿ, ಏನೂ ಆಗದವರಂತೆ ಬಂದು ಕುಳಿತರು. ಆದರೆ ಮಕ್ಕಳ ಕಣ್ಣಿಗೆ ಟವೆಲ್ಲು ಯಾವ ಲೆಕ್ಕ? ಸಂಜೆ ಪುಟ್ಟಿ ಹಿತ್ತಿಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಮಹಾಶಯರು ಸಮಾಧಾನ ಮಾಡಿ ಗೆಲ್ಲುತ್ತಿದ್ದರು.

“ಅಪ್ಪಾ, ಡುಮ್ಮಣ್ಣ ಸತ್ತೋದ್ನಾ?”

“ಛೆ ಛೆ! ಸ್ವಲ್ಪ ಹುಷಾರಿಲ್ಲ, ಅಷ್ಟೇ ಪುಟ್ಟಿ.”

“ಹಂಗಾದ್ರೆ ಡಾಕ್ಟರ್ ಹತ್ರ ಕರ್ಕೊಂಡೋಗು.”

“ಹೋಗ್ತೀನಿ. ನಾಳೇನೇ ಹೋಗ್ತೀನಿ.”

ಮಾರನೆಯ ದಿನ ಮಹಾಶಯರು ಚಹಾ ಬಣ್ಣದ ಅಂಗಿ ತೊಟ್ಟು, ಪುಟ್ಟಿಯ ಕೈಗೆ ಬ್ರೆಡ್ಡು ಬಾಳೆಹಣ್ಣಿನ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟು, ಶಾಲೆಗೆ ಬಿಟ್ಟು ಕಚೇರಿಗೆ ಹೋದರು.

ಮಹಾಶಯರ ಕಚೇರಿಗೆ ಹೊಸದಾಗಿ ವರ್ಗವಾಗಿ ಬಂದ ಮೇಲಧಿಕಾರಿ ಒಬ್ಬ ಮೇಡಂ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಮೇಜಿನ ಮೇಲಿನ ಕಾಗದಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ ಎಂದು ಪ್ರತೀತಿ. ಮಹಾಶಯರ ಪಕ್ಕದ ಮೇಜಿನಲ್ಲಿ ಕೂರುವ ಸಹೋದ್ಯೋಗಿಗೆ ‘ರೇಡಿಯೋ’ ಎಂದು ಹೆಸರು. ಆರಿಸಲು ಗುಂಡಿ ಇಲ್ಲದ ರೇಡಿಯೋ. ಊಟದ ಹೊತ್ತಿಗೆ ಮಹಾಶಯರ ಫೋನು ರಿಂಗಾಯಿತು. ಪುಟ್ಟಿಯ ಟೀಚರು.

“ಸರ್, ಪುಟ್ಟಿ ಡಬ್ಬೀನೇ ಮುಟ್ತಿಲ್ಲ. ಡುಮ್ಮಣ್ಣಂಗೆ ಹುಷಾರಾಗೋ ತನಕ ಉಣ್ಣಲ್ಲ ಅಂತಿದಾಳೆ. ನೀರೂ ಕುಡೀತಿಲ್ಲ. ಏನಾಗಿದೆ ಸರ್ ಡುಮ್ಮಣ್ಣಂಗೆ?”

ಮಹಾಶಯರು ಎದ್ದು ನಿಂತು, ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿದರು. ಅವರ ತಗ್ಗಿದ ದನಿ ಎಂದರೆ ಆ ಮಹಡಿಗೆ ಮಾತ್ರ ಕೇಳಿಸುವಂಥದ್ದು.

“ಏನ್ ಹೇಳ್ಲಿ ಟೀಚರ್, ಎಲ್ಲಾ ನಂದೇ ತಪ್ಪು. ಬಿಸಿನೀರಿಗೆ ಹಾಕ್ಬಿಟ್ಟೆ. ಹೊಟ್ಟೆ ಒಳಗಿನ ಪದರ ಪೂರ್ತಿ ಹರಿದಿದೆ. ಬಾಯಿ ಮುಚ್ಚೋಕೇ ಆಗ್ತಿಲ್ಲ. ಎಡಗಿವಿ ಕಿತ್ತು ದಾರದಲ್ಲಿ ನೇತಾಡ್ತಿದೆ. ಹೊಲಿಗೆ ಹಾಕಿಸ್ಬೇಕು… ಇಲ್ಲ, ಮನೇಲಿ ಒಬ್ನೇ ಇದಾನೆ… ಹೂಂ, ಇವತ್ತೇ ಕರ್ಕೊಂಡ್ ಹೋಗ್ತೀನಿ.”

ಫೋನು ಇಟ್ಟು ತಿರುಗಿದರೆ ಹಿಂದೆ ಮೇಡಂ ನಿಂತಿದ್ದರು. ಕನ್ನಡಕ ಕೈಯಲ್ಲಿತ್ತು. ಮುಖ ಬಿಳಿಚಿತ್ತು.

“ಮಗೂನ ಈ ಸ್ಥಿತೀಲಿ ಒಂದನ್ನೇ ಮನೇಲಿ ಬಿಟ್ಟು ಬಂದಿದೀರಾ?”

ಹೆದರಿಕೆಯಲ್ಲಿ ನಾಲಿಗೆ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ.

“ಅದೇನ್ಮಹಾ ಮೇಡಂ,” ಎಂದುಬಿಟ್ಟರು.

“ಕಿವಿ ಕಿತ್ತು ಹೋಗಿರೋದು ಅದೇನ್ಮಹಾನಾ!”

“ಅಯ್ಯೋ, ಹಾಗಲ್ಲ ಮೇಡಂ, ಡುಮ್ಮಣ್ಣ ಅಂದ್ರೆ…”

“ಎಷ್ಟು ವಯಸ್ಸು ಅವನಿಗೆ?”

“ವಯಸ್ಸು… ಹೋದ ವರ್ಷ ತಂದಿದ್ದು ಮೇಡಂ.”

ಮೇಡಂ ಮುಖ ಒಮ್ಮೆಲೇ ಮೆತ್ತಗಾಯಿತು. ಆ ಮೆತ್ತನೆಯ ಮುಖವನ್ನು ಕಚೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. “ಓ… ದತ್ತು ತಗೊಂಡಿದೀರಾ,” ಎಂದರು. “ದೊಡ್ಡ ಮನಸ್ಸು ನಿಮ್ದು. ಬೆಳಿಗ್ಗೆ ನಿಮ್ಮ ಅಂಗಿ ನೋಡಿ ನಾನು ಏನೋ ಅಂದ್ಕೊಂಡೆ. ಪಾಪ, ಮಗು ನೋಡ್ಕೊಳ್ಳೋದ್ರಲ್ಲಿ ನಿಮಗೆ ಬಟ್ಟೆ ಕಡೆ ಗಮನ ಎಲ್ಲಿಂದ ಬರ್ಬೇಕು? ಹೊರಡಿ ಮೊದ್ಲು. ಈ ಕಾಗದಗಳನ್ನ ನಾನು ನೋಡ್ಕೋತೀನಿ.”

ಡುಮ್ಮಣ್ಣ ಎಂಬುದು ಊಟದ ಚೀಲ ಎಂದು ಹೇಳಲು ಅದು ತಕ್ಕ ಸಮಯವಾಗಿತ್ತು. ಮಹಾಶಯರು ಬಾಯಿಯನ್ನೂ ತೆರೆದರು. ಆದರೆ ಮೇಡಂ ಕಣ್ಣಂಚಿನಲ್ಲಿ ನೀರು ಕಂಡಿತು. ಮೇಲಧಿಕಾರಿಯ ಕಣ್ಣೀರನ್ನು ಒಂದು ಊಟದ ಚೀಲಕ್ಕೆ ಇಳಿಸುವ ಧೈರ್ಯ ಯಾವ ಗುಮಾಸ್ತನಿಗಿದೆ? ತೆರೆದ ಬಾಯಿಯಿಂದ “ಬರ್ತೀನಿ ಮೇಡಂ” ಎಂದಷ್ಟೇ ಹೊರಟಿತು.

ಮೆಟ್ಟಿಲು ಇಳಿಯುವಾಗ ರೇಡಿಯೋ ಪ್ರಸಾರ ಶುರುವಾದದ್ದು ಹಿಂದಿನಿಂದ ಕೇಳಿಸಿತು: “ಇಷ್ಟು ವರ್ಷ ಪಕ್ಕದಲ್ಲೇ ಕೂತಿದೀನಿ. ಒಬ್ಬ ಗಂಡುಮಗ ಇದಾನೆ ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ ನೋಡಿ!”

ಮನೆಗೆ ಓಡಿ ಡುಮ್ಮಣ್ಣನನ್ನು ಕಂಕುಳಲ್ಲಿ ಇಟ್ಟುಕೊಂಡು ಮಹಾಶಯರು ಟೈಲರ್ ಅಂಗಡಿಗೆ ಹೋದರು. ಈ ಟೈಲರು ಯಾವ ಗಿರಾಕಿಗೂ ಹೇಳುವ ಮೊದಲ ಮಾತು “ನಾಳೆ ಬನ್ನಿ.” ಅಂದು ಅದನ್ನೂ ಹೇಳಲಿಲ್ಲ. ಡುಮ್ಮಣ್ಣನನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಇದು ಬ್ಯಾಗು. ಚಪ್ಪಲಿ ಹೊಲಿಯೋನ ಹತ್ರ ಹೋಗಿ,” ಎಂದ. ಚಪ್ಪಲಿ ಹೊಲಿಯುವವನು, “ಇದು ಬೊಂಬೆ. ನಾನು ಸೂಜಿ ಚುಚ್ಚಿದ್ರೆ ಎರಡು ತುಂಡಾಗುತ್ತೆ, ಟೈಲರ್ ಹತ್ರ ಹೋಗಿ,” ಎಂದ. ಮಹಾಶಯರು ಮತ್ತೆ ಟೈಲರ್ ಮುಂದೆ ನಿಂತು, “ಮಗು ಬೆಳಿಗ್ಗೆಯಿಂದ ಉಪವಾಸ ಇದೆ ಕಣಪ್ಪಾ,” ಎಂದಾಗ ಅವನು ಹೊಲಿಯುತ್ತಿದ್ದ ಪ್ಯಾಂಟನ್ನು ಪಕ್ಕಕ್ಕಿಟ್ಟ.

“ಜಿಪ್ಪು ನನ್ ಹತ್ರ ಇದೆ, ಹಾಕ್ತೀನಿ. ಕಿವೀನೂ ಹಾಕ್ತೀನಿ. ಒಳಗಿನ ಬೆಳ್ಳಿ ಬಟ್ಟೆ ನೀವೇ ತನ್ನಿ. ಮೊದ್ಲು ಹೊಟ್ಟೆ ಪೂರ್ತಿ ಬಿಚ್ಬೇಕು.”

“ಬಿಚ್ಚು. ಆದ್ರೆ ಸಂಜೆ ಒಳಗೆ ಮುಗಿಸು.”

ಶಾಲೆಯಿಂದ ಪುಟ್ಟಿಯನ್ನು ಕರೆತಂದದ್ದಾಯಿತು. ಅವಳ ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಹಾಲು ಕೊಟ್ಟರೆ ತಲೆ ಆಡಿಸಿದಳು. ಬಿಸ್ಕತ್ತು ಕೊಟ್ಟರೆ ಬೆನ್ನು ತಿರುಗಿಸಿದಳು.

“ಡುಮ್ಮಣ್ಣ ಎಲ್ಲಿ?”

“ಅಡ್ಮಿಟ್ ಮಾಡಿದೀನಿ ಪುಟ್ಟಿ. ಹೊಟ್ಟೆಗೆ ಬೆಳ್ಳಿ ಬಟ್ಟೆ ಬೇಕಂತೆ, ತರೋಕೆ ಹೋಗ್ತಿದೀನಿ. ಅಲ್ಲೀ ತನಕ ಅತ್ತೆ ಮನೇಲಿರು.”

ಈ ಅತ್ತೆ ಮಹಾಶಯರಿಗೆ ನೆಂಟರೇನಲ್ಲ. ಎದುರುಮನೆಯ ಹಿರಿಯ ಹೆಂಗಸು. ಇಡೀ ಬೀದಿಗೆ ಅವರು ಅತ್ತೆ. ಹೊಸ ಸೊಸೆಯ ಮನೆಯಲ್ಲಿ ಅತ್ತೆ ಏನೇನು ವಿಚಾರಿಸುತ್ತಾರೋ ಅದನ್ನೆಲ್ಲ ಇವರು ಇಡೀ ಬೀದಿಯಲ್ಲಿ ವಿಚಾರಿಸುತ್ತಿದ್ದರು. ಪುಟ್ಟಿಯನ್ನು ಅವರ ಮನೆಯಲ್ಲಿ ಬಿಟ್ಟು ಮಹಾಶಯರು ಬೆಳ್ಳಿ ಬಟ್ಟೆ ಹುಡುಕುತ್ತ ಅಂಗಡಿಯಿಂದ ಅಂಗಡಿಗೆ ಅಲೆಯತೊಡಗಿದರು.

ಅದೇ ಹೊತ್ತಿಗೆ ಮೇಡಂ ಮತ್ತು ರೇಡಿಯೋ ಹಣ್ಣಿನ ಬುಟ್ಟಿಯೊಂದಿಗೆ ಮಹಾಶಯರ ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆದದ್ದು ಎದುರುಮನೆಯದು.

“ಯಾರು ಬೇಕಿತ್ತು?” ಎಂದರು ಅತ್ತೆ.

“ನಾವು ಇವರ ಆಫೀಸಿನವರು. ಹುಷಾರಿಲ್ದ ಮಗೂನ ನೋಡೋಕೆ ಬಂದ್ವಿ,” ಎಂದರು ಮೇಡಂ.

“ಹುಷಾರಿಲ್ವಾ? ಪುಟ್ಟಿ ಇಲ್ಲೇ ನಮ್ಮನೇಲಿ ಕೂತಿದಾಳಲ್ಲ.”

“ಪುಟ್ಟಿ ಅಲ್ಲ, ಗಂಡುಮಗು. ಡುಮ್ಮಣ್ಣ.”

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಆ ಮನೇಲಿ ಗಂಡುಮಗು ಇಲ್ವಲ್ಲಮ್ಮ!”

“ದತ್ತು ತಗೊಂಡಿದ್ದಂತೆ, ಹೋದ ವರ್ಷ.”

“ನನಗೆ ತಿಳೀದೇ ಈ ಬೀದೀಲಿ ಒಂದು ಬೆಕ್ಕೂ ಮರಿ ಹಾಕಲ್ಲ. ದತ್ತು ತಗೊಂಡ್ರೆ ಗೊತ್ತಾಗ್ದೇ ಇರುತ್ತಾ?”

ರೇಡಿಯೋಗೆ ಬೇಕಾಗಿದ್ದದ್ದು ಇಷ್ಟೇ. ಮೂಗಿನ ಮೇಲೆ ಬೆರಳಿಟ್ಟು, “ಹಾಗಾದ್ರೆ ಇದು ದತ್ತು ಅಲ್ಲ ಮೇಡಂ. ಬೇರೆ ಎಲ್ಲೋ ಇನ್ನೊಂದು ಸಂಸಾರ ಇದೆ,” ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಇದು. ಮೇಡಂ ಮಾತ್ರ, “ಊಹೆ ಬೇಡ. ಮಗೂನೇ ಕೇಳೋಣ,” ಎಂದು ಒಳಗೆ ಹೋಗಿ ಪುಟ್ಟಿಯ ಪಕ್ಕ ಕುಳಿತರು.

“ಪುಟ್ಟಿ, ಡುಮ್ಮಣ್ಣ ನಿಂಗೆ ಗೊತ್ತಾಮ್ಮಾ?”

ಡುಮ್ಮಣ್ಣನ ಹೆಸರು ಕೇಳಿದ್ದೇ ಪುಟ್ಟಿ ನೆಟ್ಟಗೆ ಕುಳಿತಳು. “ಹೂಂ. ನನ್ ಜೊತೆ ಸ್ಕೂಲಿಗೆ ಬರ್ತಾನೆ. ನನ್ ಊಟ ಅವನೇ ಹೊತ್ಕೊಂಡ್ ಬರೋದು.”

ಮೇಡಂ ಹುಬ್ಬು ಗಂಟಾಯಿತು. “ಅವನೂ ನಿನ್ ಜೊತೆ ಕ್ಲಾಸಲ್ಲಿ ಕೂರ್ತಾನಾ?”

“ಇಲ್ಲ. ಹೊರಗಡೆ ಮೊಳೆಗೆ ನೇತಾಡ್ತಿರ್ತಾನೆ.”

“ಮನೇಲಿ ಎಲ್ಲಿ ಮಲಗ್ತಾನೆ?”

“ಅಡುಗೆಮನೇಲಿ, ಪಾತ್ರೆ ಪಕ್ಕ.”

“ಅವನಿಗೆ ಗಾಯ ಹೇಗಾಯ್ತಮ್ಮಾ?” ಮೇಡಂ ಇನ್ನಷ್ಟು ಹತ್ತಿರ ಸರಿದು ಕೇಳಿದರು.

“ಅಪ್ಪ ಮೆಷಿನ್ನಿಗೆ ಹಾಕಿ ತಿರುಗ್ಸಿದ್ರು. ಆಮೇಲೆ ಹಗ್ಗಕ್ಕೆ ನೇತುಹಾಕಿ ಟವೆಲ್ಲು ಮುಚ್ಚಿದ್ರು.”

ರೇಡಿಯೋ ಆರಿಹೋಗಿತ್ತು. ಅತ್ತೆ ಫೋನು ಎತ್ತಿ ಮಹಾಶಯರ ಹೆಂಡತಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು. ಆ ಕಡೆ ಗದ್ದಲವೋ ಗದ್ದಲ. ತರಬೇತಿಯ ನಡುವೆ ಚಹಾ ಕೊಡುತ್ತಿದ್ದರೆಂದು ಕಾಣುತ್ತದೆ.

“ಅಮ್ಮಾ, ಗಾಬರಿ ಆಗ್ಬೇಡ. ಡುಮ್ಮಣ್ಣ ಅನ್ನೋರು ನಿಂಗೆ ಗೊತ್ತಾ?”

“ಗೊತ್ತಿಲ್ದೇ ಏನತ್ತೆ? ನಾನೇ ತಂದಿದ್ದು. ಸಾಲಾಗಿ ಜೋಡಿಸಿಟ್ಟಿದ್ರು. ಇವನೇ ದುಂಡಗೆ ಚೆನ್ನಾಗಿದಾನೆ ಅಂತ ಆರಿಸ್ಕೊಂಡೆ. ಯಾಕೆ, ಏನಾಯ್ತು ಅವನಿಗೆ?”

“ಹೊಟ್ಟೆ ಹರಿದಿದೆಯಂತೆ, ಕಿವಿ ಕಿತ್ತಿದೆಯಂತೆ…”

“ಅಯ್ಯೋ! ಮೆಷಿನ್ನಿಗೆ ಹಾಕ್ಬೇಡಿ ಅಂತ ಬಡ್ಕೊಂಡೆ. ಹಾಕೇಬಿಟ್ರಾ? ಇವರ ಕೈಗೆ ಏನು ಸಿಕ್ಕಿದ್ರೂ ಇಷ್ಟೇ. ಹೋಗ್ಲಿ ಬಿಡಿ ಅತ್ತೆ, ತೀರಾ ಹಾಳಾಗಿದ್ರೆ ಎಸೆದುಬಿಡೋಕೆ ಹೇಳಿ. ಬಂದ್ಮೇಲೆ ಇನ್ನೊಂದು ತಂದ್ರಾಯ್ತು. ಇಲ್ಲಿ ಕರೀತಿದಾರೆ, ಆಮೇಲೆ ಮಾಡ್ತೀನಿ.”

ಫೋನು ಅತ್ತೆಯ ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಅಷ್ಟು ವರ್ಷಗಳಿಂದ ಎದುರಿಗಿದ್ದ ಹೆಣ್ಣುಮಗಳು, ಬಟ್ಟಲು ವಾಪಸು ಕೊಡುವಾಗ ಖಾಲಿ ಕೊಡದವಳು, ಹೀಗೆ ಮಾತಾಡಿದಳಲ್ಲ! ಅವರು ಕಿಟಕಿಯಿಂದ ಕೈ ಬೀಸಿ ಬೀದಿಯ ಮೂಲೆಯಲ್ಲಿ ಗಸ್ತಿಗೆ ಬಂದಿದ್ದ ದಫೇದಾರರನ್ನು ಕೂಗಿದರು.

ಸರಿಯಾಗಿ ಅದೇ ಕ್ಷಣಕ್ಕೆ ಮಹಾಶಯರು ಬೀದಿಯ ಇನ್ನೊಂದು ತುದಿಯಿಂದ ಬಂದರು. ಬೆಳ್ಳಿ ಬಟ್ಟೆ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಬಿಸಿಲಿಗೆ ಕಾರಿನ ಗಾಜಿಗೆ ಅಡ್ಡ ಹಾಕುವ ಬೆಳ್ಳಿ ಹಾಳೆ ಕಂಡು, ಇದಾದರೂ ಆದೀತೆಂದು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದರು. ಮನೆಯ ಮುಂದೆ ಮೇಡಂ, ರೇಡಿಯೋ, ಅತ್ತೆ, ಲಾಠಿ ಹಿಡಿದ ದಫೇದಾರರು, ಅವರ ಹಿಂದೆ ವಿಷಯ ಗೊತ್ತಿಲ್ಲದಿದ್ದರೂ ಸೇರಿದ ಅರ್ಧ ಬೀದಿ. ಮಹಾಶಯರ ಕಾಲು ತಾವಾಗಿಯೇ ನಿಂತವು.

ದಫೇದಾರರು ಮೀಸೆ ಸವರಿದರು. “ಮಗು ಎಲ್ಲಿ?”

“ಪುಟ್ಟೀನಾ? ಅಲ್ಲೇ ಇದಾಳಲ್ಲ ಸಾರ್.”

“ಆ ಮಗು ಅಲ್ಲ. ಡುಮ್ಮಣ್ಣ ಎಲ್ಲಿ?”

“ಟೈಲರ್ ಹತ್ರ ಇದಾನೆ.”

“ಟೈಲರ್ ಹತ್ರ!” ಎಂದಿತು ಅರ್ಧ ಬೀದಿ.

“ಹೊಟ್ಟೆ ಹೊಲೀಬೇಕಲ್ಲ ಸಾರ್. ಮೊದ್ಲು ಒಪ್ಲಿಲ್ಲ. ಚಪ್ಪಲಿ ಹೊಲಿಯೋನ ಹತ್ರಾನೂ ಕರ್ಕೊಂಡ್ ಹೋಗಿದ್ದೆ, ಎರಡು ತುಂಡಾಗ್ತಾನೆ ಅಂದ. ಅದಕ್ಕೇ…”

“ಆಸ್ಪತ್ರೆ ಅನ್ನೋದು ಒಂದಿದೆ ಅಂತ ನಿಮಗೆ ಗೊತ್ತಿಲ್ವೇನ್ರೀ?” ದಫೇದಾರರು ಗುಡುಗಿದರು.

“ಆಸ್ಪತ್ರೆಯೋರು ಇದನ್ನೆಲ್ಲ ಮಾಡ್ತಾರಾ ಸಾರ್?” ಮಹಾಶಯರು ನಿಜವಾದ ಕುತೂಹಲದಿಂದ ಕೇಳಿದರು.

“ಹೆಗಲ ಮೇಲೇನದು?”

“ಇದು… ಅವನ ಹೊಟ್ಟೆಗೆ ಹಾಕೋ ಹಾಳೆ.”

ಅತ್ತೆ ಕಣ್ಣು ಮುಚ್ಚಿದರು. ದಫೇದಾರರು ಮಹಾಶಯರ ರಟ್ಟೆ ಹಿಡಿದರು. “ನಡೀರಿ, ಆ ಟೈಲರ್ ತೋರ್ಸಿ.”

ಮೆರವಣಿಗೆ ಹೊರಟಿತು. ಮುಂದೆ ದಫೇದಾರರ ಹಿಡಿತದಲ್ಲಿ ಬೆವರಿನಿಂದ ತೊಯ್ದ ಮಹಾಶಯರು, ಹೆಗಲ ಮೇಲೆ ಹೊಳೆಯುವ ಬೆಳ್ಳಿ ಸುರುಳಿ. ಹಿಂದೆ ಪುಟ್ಟಿಯ ಕೈ ಹಿಡಿದ ಮೇಡಂ, ಹಣ್ಣಿನ ಬುಟ್ಟಿ ಹೊತ್ತ ರೇಡಿಯೋ, ಸೆರಗು ಬಿಗಿದ ಅತ್ತೆ. ದಾರಿಯಲ್ಲಿ ಮಹಾಶಯರು ಬಾಯಿ ತೆರೆದಾಗಲೆಲ್ಲ ದಫೇದಾರರು, “ಏನಿದ್ರೂ ಠಾಣೇಲಿ ಹೇಳಿ,” ಎಂದರು.

ಟೈಲರು ಕತ್ತರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದ. ಜನ ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ಬಟ್ಟೆ ತಡಮಾಡಿದ್ದಕ್ಕೆ ಒಂದಲ್ಲ ಒಂದು ದಿನ ಹೀಗೆ ಜನ ಸೇರಿ ಬರುತ್ತಾರೆಂದು ಅವನಿಗೆ ಮೊದಲೇ ಅನುಮಾನವಿತ್ತು.

“ಬಂದ್ರಾ? ಎಲ್ಲಿ ಬೆಳ್ಳಿ ಬಟ್ಟೆ? ಹೊಟ್ಟೆ ಒಳಗಿದ್ದಿದ್ದನ್ನೆಲ್ಲ ತೆಗೆದು ಬುಟ್ಟಿಗೆ ಹಾಕಿದೀನಿ. ಬಾಯಿ ಹೊಲಿದಾಯ್ತು. ಕಿವೀನೂ ಕೂರ್ಸಿದೀನಿ.”

“ಅಯ್ಯೋ!” ಎಂದು ಕುಸಿದ ಅತ್ತೆಯನ್ನು ರೇಡಿಯೋ ಹಿಡಿದುಕೊಂಡರು. ದಫೇದಾರರು ಟೈಲರನ್ನು ಸರಿಸಿ ಒಳಗೆ ನುಗ್ಗಿದರು. ಮೇಡಂ ಹಿಂದೆಯೇ ಹೋದರು. ಹೊಲಿಗೆ ಯಂತ್ರದ ಮೇಲೆ, ದೀಪದ ಕೆಳಗೆ, ಕಂದು ಬಣ್ಣದ ಬಟ್ಟೆ ಕರಡಿ ಮುಖ ಮೇಲೆ ಮಾಡಿ ಮಲಗಿತ್ತು.

“ಡುಮ್ಮಣ್ಣಾ!” ಎಂದು ಪುಟ್ಟಿ ಎಲ್ಲರ ಕಾಲುಗಳ ನಡುವೆ ನುಸುಳಿ ಓಡಿ ಬಂದಳು.

ದಫೇದಾರರು ಲಾಠಿಯ ತುದಿಯಿಂದ ಕರಡಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. “ಇದೇನಿದು?”

“ಊಟದ ಚೀಲ ಸಾರ್,” ಎಂದರು ಮಹಾಶಯರು. ಇಡೀ ದಿನದಲ್ಲಿ ಡುಮ್ಮಣ್ಣ ಏನೆಂದು ಅವರು ಪೂರ್ತಿ ಹೇಳಿದ ಮೊದಲ ವಾಕ್ಯ ಅದು.

ದಫೇದಾರರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. ರೇಡಿಯೋ ಬಾಗಿಲ ಹೊರಗೆ ನೋಡತೊಡಗಿದರು. ಅತ್ತೆಗೆ ತಟ್ಟನೆ ಪ್ರಜ್ಞೆ ಬಂದು, “ನಾನು ಆಗಲೇ ಅಂದ್ಕೊಂಡೆ,” ಎಂದರು. ಮೇಡಂ ಒಬ್ಬರೇ ಮಹಾಶಯರನ್ನು ಕನ್ನಡಕದ ಮೇಲಿಂದ ನೋಡುತ್ತ ನಿಂತರು. ಆ ನೋಟದ ಕೆಳಗೆ ಮಹಾಶಯರು ಕುಗ್ಗಿ ಕುಗ್ಗಿ ಅಂಗಿಯ ಕಾಲರಿನೊಳಗೆ ಇಳಿದರು. ಕೆಲಸ ಹೋಯಿತು ಎಂದೇ ಅವರಿಗೆ ಖಾತ್ರಿಯಾಯಿತು.

“ಮೇಡಂ, ಹೇಳೋಣ ಅಂತಾನೇ ಇದ್ದೆ. ನೀವು ಅಳ್ತಿದ್ರಿ…”

“ನಾನು ಅಳ್ತಿರ್ಲಿಲ್ಲ. ನೆಗಡಿ,” ಎಂದರು ಮೇಡಂ.

ಅಷ್ಟರಲ್ಲಿ ಪುಟ್ಟಿಯ ದನಿ ಕೇಳಿತು. “ಇವನು ಸರಿ ಇಲ್ಲ.”

ಎಲ್ಲರೂ ತಿರುಗಿದರು. ಮಹಾಶಯರು ನೆಲದ ಮೇಲೆ ಮಂಡಿಯೂರಿದರು. “ಯಾಕೆ ಪುಟ್ಟಿ? ನೋಡು, ಬಾಯಿ ಎಷ್ಟು ಚೆನ್ನಾಗಿ ಮುಚ್ಚುತ್ತೆ. ಹೊಟ್ಟೇನೂ ಈಗ ಹಾಕ್ತಾರೆ.”

“ಈ ಕಿವಿ ಹಿಂದಕ್ಕೆ ತಿರುಗಿದೆ. ನಾನು ಹೇಳಿದ್ದು ಇವನಿಗೆ ಕೇಳ್ಸಲ್ಲ.”

ನಿಜವೇ. ಟೈಲರ್ ಅವಸರದಲ್ಲಿ ಎಡಗಿವಿಯನ್ನು ಹಿಂದುಮುಂದಾಗಿ ಹೊಲಿದಿದ್ದ. ಡುಮ್ಮಣ್ಣ ಬೆನ್ನ ಹಿಂದೆ ಯಾರೋ ಚಾಡಿ ಹೇಳುವುದನ್ನು ಆಲಿಸುವವನಂತೆ ಕಾಣುತ್ತಿದ್ದ. ಪುಟ್ಟಿಯ ತುಟಿ ನಡುಗಲು ಶುರುವಾಯಿತು. ಹಸಿವಿಗೆ ಅವಳ ಕಣ್ಣು ಒಳಗೆ ಹೋಗಿದ್ದವು. ಮಹಾಶಯರು ಟೈಲರ್ ಕೈ ಹಿಡಿದರು. “ಬಿಚ್ಚಿ ಹಾಕಪ್ಪಾ, ಬೇಗ!”

“ಇವತ್ತು ಹೊಟ್ಟೆ ಒಂದೇ ನನ್ ಕೈಲಾಗೋದು. ಕಿವಿ ಕೈಹೊಲಿಗೆ, ನಾಳೆ ಬನ್ನಿ.”

“ನಾಳೆ ಇಲ್ಲ,” ಎಂದರು ಮೇಡಂ. ಕುರ್ಚಿ ಎಳೆದು ಕುಳಿತರು. “ಸೂಜಿ ಕೊಡಿ. ಕಂದು ದಾರ. ಅದಲ್ಲ, ಅದು ಕೆಂಪು. ಹಾಂ, ಇದು.”

ಕಚೇರಿ ನಡುಗುವ ಆ ಅಧಿಕಾರಿ ಎಡಗಿವಿಯ ಹೊಲಿಗೆ ಬಿಡಿಸಿ, ಕಿವಿ ತಿರುಗಿಸಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದರು. ದಫೇದಾರರು ದೀಪ ಬಗ್ಗಿಸಿ ಹಿಡಿದರು. ಪಕ್ಕದಲ್ಲಿ ಮಹಾಶಯರು ಕಾರಿನ ಹಾಳೆ ಹಿಡಿದುಕೊಟ್ಟರು, ಟೈಲರು ಅಳತೆಗೆ ಕತ್ತರಿಸಿದ. ಅತ್ತೆ ಆ ಹೊಲಿಗೆ ಸಡಿಲ, ಈ ಹೊಲಿಗೆ ಬಿಗಿ ಎಂದು ಹೇಳುತ್ತಲೇ ಇದ್ದರು. ಪುಟ್ಟಿ ಮೇಡಂ ಮೊಣಕಾಲಿಗೆ ಗದ್ದ ಊರಿ ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದಳು.

“ನೋವಾಗುತ್ತಾ ಇವನಿಗೆ?”

“ಸ್ವಲ್ಪ ಆಗುತ್ತೆ,” ಎಂದರು ಮೇಡಂ. “ಗಟ್ಟಿಗ ಇದಾನೆ. ತಡ್ಕೋತಾನೆ.”

ದಾರವನ್ನು ಹಲ್ಲಿನಿಂದ ಕಡಿದು ಡುಮ್ಮಣ್ಣನನ್ನು ಟೈಲರ್‌ಗೆ ದಾಟಿಸಿದರು. ಅವನು ಬೆಳ್ಳಿಯ ಹೊಸ ಹೊಟ್ಟೆ ಹೊಲಿದು ಪುಟ್ಟಿಯ ಕೈಗಿಟ್ಟ. ಅಂಗಡಿಯೊಳಗಿದ್ದವರೆಲ್ಲ ಮುಂದಕ್ಕೆ ಬಾಗಿದರು. ಪುಟ್ಟಿ ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಪಿಸುಗುಟ್ಟಿದಳು. ಕಾದಳು. ಮತ್ತೆ ಪಿಸುಗುಟ್ಟಿದಳು. ಆಮೇಲೆ ತಲೆ ಎತ್ತಿ, “ಬಾಳೆಹಣ್ಣು ಬೇಕಂತೆ,” ಎಂದಳು.

ರೇಡಿಯೋ ಬುಟ್ಟಿಯಿಂದ ಹಣ್ಣು ತೆಗೆಯಲು ಹೋಗಿ ಅರ್ಧ ಬುಟ್ಟಿ ನೆಲಕ್ಕೆ ಚೆಲ್ಲಿದರು. ಹಣ್ಣು ಡುಮ್ಮಣ್ಣನ ಬಾಯಿಯಿಂದ ಒಳಗೆ ಹೋಯಿತು, ಹೊರಗೆ ಬಂತು, ಪುಟ್ಟಿ ಸಿಪ್ಪೆ ಸುಲಿದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ತಿಂದಳು. ಆಮೇಲೆ ಇನ್ನೊಂದು. ಆಮೇಲೆ ಒಂದು ಸೇಬು. ದಫೇದಾರರು ಕೆಮ್ಮಿ, ತಮಗೆ ತುರ್ತು ಕೆಲಸವಿದೆಯೆಂದು ಹೊರಟರು. ಹೋಗುವ ಮುನ್ನ ಒಂದು ಕಿತ್ತಳೆಯನ್ನು ತನಿಖೆಗೆಂದು ಜೇಬಿಗೆ ಹಾಕಿಕೊಂಡರು. ಮೇಡಂ ಕನ್ನಡಕ ಒರೆಸುತ್ತ ಮಹಾಶಯರಿಗೆ, “ನಾಳೆ ಬೆಳಿಗ್ಗೆ ಸರಿಯಾದ ಹೊತ್ತಿಗೆ ಬನ್ನಿ. ಬಿಳಿ ಅಂಗಿಯಲ್ಲಿ,” ಎಂದಷ್ಟೇ ಹೇಳಿದರು. ಕೆಲಸ ಹೋಗಿಲ್ಲ ಎಂಬುದು ಮಹಾಶಯರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಬಿಳಿ ಅಂಗಿ ಎಲ್ಲಿಂದ ತರುವುದು ಎಂಬ ಹೊಸ ಚಿಂತೆ ಕೂಡಲೇ ಆ ಜಾಗಕ್ಕೆ ಬಂದು ಕುಳಿತಿತು.

ಆಗ ಫೋನು ರಿಂಗಾಯಿತು. ಹೆಂಡತಿ. ಮಹಾಶಯರು ಫೋನನ್ನು ಬಿಸಿ ಪಾತ್ರೆಯಂತೆ ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅತ್ತೆ ಈಗಾಗಲೇ ಎಲ್ಲ ಹೇಳಿರುವುದು ಅವರಿಗೆ ತಿಳಿಯದು. ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು? ಪುಟ್ಟಿ ತಂದೆಯ ಮುಖವನ್ನೊಮ್ಮೆ ನೋಡಿದಳು. ಸೇಬನ್ನು ಕೆಳಗಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಫೋನು ಕಿತ್ತುಕೊಂಡಳು.

“ಅಮ್ಮಾ, ಅಪ್ಪ ಡುಮ್ಮಣ್ಣನ್ನ ಮೆಷಿನ್ನಿಗೆ ಹಾಕ್ಲೇ ಇಲ್ಲ. ಹೊಟ್ಟೇನೂ ಹರೀಲಿಲ್ಲ. ಕಿವೀನೂ ಕೀಳ್ಲಿಲ್ಲ. ಪೊಲೀಸಂಕಲ್ ಬರ್ಲೇ ಇಲ್ಲ.”

ಆ ಕಡೆ ಅಮ್ಮ ಎರಡು ಸಲ ಕೆಮ್ಮಿದರು.

“ಹೌದಾ ಕಂದಾ?” ಎಂದಿತು ಕೊನೆಗೆ ಅಮ್ಮನ ದನಿ. ಅದರಲ್ಲಿ ನಗು ತಡೆಹಿಡಿದ ನಡುಕವಿತ್ತು. “ಊಟ ಆಯ್ತಾ?”

“ಆಗ್ತಾ ಇದೆ.”

“ಅಪ್ಪ ಏನ್ಮಾಡ್ತಿದಾರೆ?”

ಪುಟ್ಟಿ ತಲೆ ಎತ್ತಿ ನೋಡಿದಳು.

“ಏನೂ ಮಾಡ್ತಿಲ್ಲಮ್ಮಾ. ನಾನು ಹೇಳೋದನ್ನ ಕೇಳಿಸ್ಕೋತಾ ನಿಂತಿದಾರೆ.”